ಕೆಚ್ಚಲು ಬಾವು: ಔಷಧಕ್ಕೂ ಮೊದಲು ಹಾಲಿನ ಮಾದರಿ

ಹಸುವಿನ ಕೆಚ್ಚಲು ಊದಿ, ಹಾಲು ಗಡ್ಡೆಗಟ್ಟಿ ಬಂದ ಕೂಡಲೇ ಹಿಂದಿನ ಸಲ ಉಳಿದಿದ್ದ ಆಂಟಿಬಯಾಟಿಕ್ ಟ್ಯೂಬನ್ನು ಮೊಲೆಗೆ ಏರಿಸುವ ರೂಢಿ ಹಲವು ಕೊಟ್ಟಿಗೆಗಳಲ್ಲಿದೆ. ಇದನ್ನು ಬಿಡಲೇಬೇಕು. ರೋಗದ ಹೆಸರು ಒಂದೇ ಆದರೂ ಒಳಗಿರುವ ರೋಗಾಣು ಅದೇ ತಳಿಯದಾಗಿರಬೇಕಿಲ್ಲ.

ಕೆಚ್ಚಲು ಬಾವಿಗೆ ಮುಖ್ಯ ಕಾರಣಗಳಲ್ಲೊಂದಾದ ಸ್ಟೆಫಿಲೊಕಾಕಸ್ ಆರಿಯಸ್ ಅನ್ನೇ ನೋಡಿ. ಇದರ ಕೆಲವು ತಳಿಗಳಲ್ಲಿ ಬ್ಲಾ-ಝಡ್ ಎಂಬ ಜೀನ್ ಇರುತ್ತದೆ. ಅದು ತಯಾರಿಸುವ ಕಿಣ್ವ ಪೆನಿಸಿಲಿನ್ ಅನ್ನು ಒಡೆದುಹಾಕುತ್ತದೆ. ಮೆಕ್-ಎ ಜೀನ್ ಇದ್ದರೆ ಕೋಶಭಿತ್ತಿ ಕಟ್ಟುವ ಪ್ರೋಟೀನೇ ಬೇರೆಯಾಗಿ, ಪೆನಿಸಿಲಿನ್ ಗುಂಪಿನ ಬಹುತೇಕ ಔಷಧಗಳು ಅದಕ್ಕೆ ಅಂಟಿಕೊಳ್ಳುವುದಿಲ್ಲ. ಮೆಕ್-ಸಿ ಎಂಬ ಅದರ ಇನ್ನೊಂದು ರೂಪ 2011ರಲ್ಲಿ ಬ್ರಿಟನ್ನಿನ ಹಸುಗಳ ಹಾಲಿನಲ್ಲಿ ಪತ್ತೆಯಾಯಿತು. ಔಷಧವು ಇಂಥ ಜೀನ್‌ಗಳನ್ನು ಹುಟ್ಟಿಸುವುದಿಲ್ಲ. ಉಳಿದ ರೋಗಾಣುಗಳನ್ನು ಕೊಂದು, ಜೀನ್ ಇದ್ದವಕ್ಕೆ ಜಾಗ ತೆರವು ಮಾಡಿಕೊಡುತ್ತದೆ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲಿರುವ ಜೀನ್‌ಗಳು ಒಂದು ರೋಗಾಣುವಿನಿಂದ ಇನ್ನೊಂದಕ್ಕೂ ದಾಟುತ್ತವೆ.

ಯಾವ ಮೊಲೆ?

ಸಿಎಂಟಿ ಎಂದರೆ ಕೆಚ್ಚಲು ಬಾವನ್ನು ಕೊಟ್ಟಿಗೆಯಲ್ಲೇ ಪತ್ತೆ ಮಾಡುವ ಕ್ಯಾಲಿಫೋರ್ನಿಯಾ ಪರೀಕ್ಷೆ. ಅದರ ನಾಲ್ಕು ಗುಳಿಯ ತಟ್ಟೆಗೆ ಒಂದೊಂದು ಮೊಲೆಯಿಂದ ಸುಮಾರು 2 ಮಿ.ಲೀ. ಹಾಲು ಕರೆದು, ಅಷ್ಟೇ ಸಿಎಂಟಿ ದ್ರಾವಣ ಸೇರಿಸಿ ತಿರುಗಿಸಿ. 10 ಸೆಕೆಂಡಿನೊಳಗೆ ಲೋಳೆಯಾದರೆ ಆ ಭಾಗಕ್ಕೆ ಸೋಂಕಿರುವ ಸಂಭವ ಹೆಚ್ಚು. ತಡವಾಗಿ ನೋಡಿದರೆ ಸಣ್ಣ ಲೋಳೆ ಮಾಯವಾಗಿರುತ್ತದೆ. ಕರು ಹಾಕಿದ ಮೊದಲ ಕೆಲವು ದಿನ ಈ ಪರೀಕ್ಷೆಯನ್ನು ನಂಬಬೇಡಿ.

ಮಾದರಿ ತೆಗೆಯುವುದು

ಎಲ್ಲ ಕೆಡುವುದು ಇಲ್ಲೇ. ಔಷಧ ಕೊಡುವ ಮೊದಲೇ ಮಾದರಿ ತೆಗೆಯಬೇಕು. ಜ್ವರ ಬಂದು ಹಾಲು ನೀರಾಗಿದ್ದರೆ ಪಶುವೈದ್ಯರು ವರದಿಗೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ, ಆಗಲೂ ಮಾದರಿ ಮೊದಲು.

ಕೆಚ್ಚಲು ಕೊಳೆಯಾಗಿದ್ದರೆ ಮಾತ್ರ ತೊಳೆದು, ಪೂರ್ತಿ ಒಣಗುವಂತೆ ಒರೆಸಿ. ಒದ್ದೆ ಕೆಚ್ಚಲಿನಿಂದ ಜಾರುವ ಒಂದು ಹನಿ ಸಗಣಿ ನೀರು ಸಾಕು, ಮಾದರಿ ಹಾಳು. ಮೊದಲ ಮೂರು-ನಾಲ್ಕು ಧಾರೆ ಬೇರೆ ಪಾತ್ರೆಗೆ ಕರೆದು ಚೆಲ್ಲಿ. 70% ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಮೊಲೆಯ ತುದಿಯನ್ನು ಉಜ್ಜಿ, ಹತ್ತಿ ಬೆಳ್ಳಗೇ ಉಳಿಯುವವರೆಗೆ ಹತ್ತಿ ಬದಲಿಸಿ. ಒಂದಕ್ಕಿಂತ ಹೆಚ್ಚು ಮೊಲೆಯಾದರೆ ದೂರದ್ದನ್ನು ಮೊದಲು ಒರೆಸಿ, ಹಾಲನ್ನು ಮಾತ್ರ ಹತ್ತಿರದ್ದರಿಂದ ಮೊದಲು ತೆಗೆಯಿರಿ. ಹೀಗೆ ಮಾಡಿದರೆ ಶುಚಿಯಾದ ಮೊಲೆಗೆ ತೋಳು ತಾಗುವುದಿಲ್ಲ.

ಕ್ರಿಮಿಶುದ್ಧ ಟ್ಯೂಬನ್ನು ಓರೆಯಾಗಿ ಹಿಡಿದು, ಮುಚ್ಚಳದ ಒಳಭಾಗ ಮುಟ್ಟದೆ, 5ರಿಂದ 10 ಮಿ.ಲೀ. ಹಾಲು ಹಿಡಿಯಿರಿ. ಹಸುವಿನ ಗುರುತು, ಯಾವ ಮೊಲೆ, ದಿನಾಂಕ, ಇತ್ತೀಚೆಗೆ ಕೊಟ್ಟ ಔಷಧ ಇಷ್ಟನ್ನು ಬರೆದು, ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಿ. ಸ್ಥಳೀಯ ಪಶು ಆಸ್ಪತ್ರೆಯ ವೈದ್ಯರು ಎಲ್ಲಿಗೆ ಕಳಿಸಬೇಕೆಂದು ಹೇಳುತ್ತಾರೆ. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಮೂರು ಅಥವಾ ಹೆಚ್ಚು ಬಗೆಯ ರೋಗಾಣು ಬೆಳೆದರೆ ಮಾದರಿ ಕಲುಷಿತವೆಂದೇ ಲೆಕ್ಕ, ಮತ್ತೆ ತೆಗೆಯಬೇಕು.

ವರದಿ ಓದುವುದು

ಪಶುವೈದ್ಯರು 'ಎಬಿಎಸ್‌ಟಿ' ಎನ್ನುವ, ರೋಗಾಣುವಿಗೆ ಯಾವ ಔಷಧ ನಾಟುತ್ತದೆಂದು ನೋಡುವ ಪರೀಕ್ಷೆಯಲ್ಲಿ ರೋಗಾಣು ಹರಡಿದ ಅಗಾರ್ (ರೋಗಾಣು ಬೆಳೆಸುವ ಜೆಲ್ಲಿ) ಮೇಲೆ ಔಷಧದ ಬಿಲ್ಲೆಗಳನ್ನಿಟ್ಟು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 16ರಿಂದ 18 ಗಂಟೆ ಬಿಡುತ್ತಾರೆ. ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ವೃತ್ತದ ವ್ಯಾಸವನ್ನು ಅಳೆಯುತ್ತಾರೆ. ದೊಡ್ಡ ವೃತ್ತದ ಔಷಧವೇ ಒಳ್ಳೆಯದು ಎಂದುಕೊಳ್ಳುವುದು ತಪ್ಪು. ಆರಿಯಸ್‌ಗೆ ಪೆನಿಸಿಲಿನ್ ವೃತ್ತ 28 ಮಿ.ಮೀ. ಇದ್ದರೂ ಆ ರೋಗಾಣು ನಿರೋಧಕ (ಔಷಧಕ್ಕೆ ಬಗ್ಗದ್ದು), ಜೆಂಟಾಮೈಸಿನ್‌ಗೆ 15 ಮಿ.ಮೀ. ಇದ್ದರೂ ಸಾಕು. ಸೆಫಾಕ್ಸಿಟಿನ್ ವೃತ್ತ 21 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಬಂದರೆ ಮೆಕ್ ಜೀನ್ ಇದೆಯೆಂದು ಅನುಮಾನಿಸಬೇಕು. ಎಸ್ (ಔಷಧ ನಾಟುತ್ತದೆ), ಐ (ನಡುವಿನದು), ಆರ್ (ನಿರೋಧಕ) ಅಕ್ಷರಗಳನ್ನೇ ನೋಡಿ, ಔಷಧದ ಆಯ್ಕೆಯನ್ನು ವೈದ್ಯರಿಗೆ ಬಿಡಿ.

ವರದಿಯಲ್ಲಿ 'ಎಸ್' ಇದ್ದೂ ಹಳೆಯ ಬಾವು ವಾಸಿಯಾಗದಿರಬಹುದು. ಆರಿಯಸ್ ಕೆಚ್ಚಲಿನ ಅಂಗಾಂಶದೊಳಗೆ ಗಂಟು ಮಾಡಿಕೊಂಡು ಕೂರುತ್ತದೆ, ಅಲ್ಲಿಗೆ ಔಷಧ ಸಾಕಷ್ಟು ತಲುಪುವುದಿಲ್ಲ. ಹಾಲಿನಲ್ಲಿ ಅದು ಬಿಟ್ಟು ಬಿಟ್ಟು ಕಾಣಿಸಿಕೊಳ್ಳುವುದರಿಂದ ಒಂದು ಸಲ ಸಿಗಲಿಲ್ಲವೆಂದು ನಿರಾಳವಾಗಬೇಡಿ. ಚಿಕಿತ್ಸೆ ಮುಗಿದು 2ರಿಂದ 4 ವಾರದ ಬಳಿಕ ಅದೇ ಮೊಲೆಯ ಹಾಲನ್ನು ಮತ್ತೆ ಪರೀಕ್ಷಿಸಿ. ಅಲ್ಲಿಯವರೆಗೆ ಆ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ, ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ.

ಔಷಧದ ಲೇಬಲ್ ಮೇಲಿರುವ ಅವಧಿ ಮುಗಿಯುವವರೆಗೆ ನಾಲ್ಕೂ ಮೊಲೆಗಳ ಹಾಲನ್ನು ಡೇರಿಗೆ ಹಾಕಬಾರದು. ಲೇಬಲ್‌ನಲ್ಲಿ ಅವಧಿ ಇಲ್ಲದಿದ್ದರೆ ಕನಿಷ್ಠ 7 ದಿನ. ಕುದಿಸಿದರೆ ಔಷಧದ ಅಂಶ ಪೂರ್ತಿ ಹೋಗುವುದಿಲ್ಲ, ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಕಟ್ಟುವುದಿಲ್ಲ. ಆ ಹಾಲನ್ನು ಕರುವಿಗೂ ಕುಡಿಸಬೇಡಿ: ಔಷಧದ ಅಲ್ಪ ಅಂಶ ಅದರ ಕರುಳಿನಲ್ಲೂ ನಿರೋಧಕ ರೋಗಾಣುಗಳನ್ನು ಹೆಚ್ಚಿಸುತ್ತದೆ.