ಏಳು ಜನ, ಹದಿಮೂರು ಸಾಧನ, ಒಂದೇ ಕ್ಯಾಲೆಂಡರ್: ನನ್ನ ಅನುಭವ

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ತೆರಿಗೆ ಸಲಹಾ ಆಫೀಸಿನ ಸಿಸ್ಟಂ ಕೆಲಸ ಬಹಳ ವರ್ಷಗಳಿಂದ ನನ್ನ ಕೈಯಲ್ಲಿದೆ. ಏಳು ಜನ, ಮಂಡ್ಯದಲ್ಲೊಂದು ಸಣ್ಣ ಬ್ರಾಂಚು. ಐದು ಡೆಸ್ಕ್‌ಟಾಪ್, ಎರಡು ಲ್ಯಾಪ್‌ಟಾಪ್, ಐದು ಆಂಡ್ರಾಯ್ಡ್ ಫೋನ್, ಒಂದು ಐಫೋನ್. ಎಲ್ಲದರಲ್ಲೂ ಮೇಲ್ ಮತ್ತು ಕ್ಯಾಲೆಂಡರ್ ಒಂದೇ ಥರ ಕಾಣಬೇಕು, ಅದೂ ಆಫೀಸಿನಲ್ಲೇ ಇಟ್ಟ ಒಂದು ಡಬ್ಬಿಯಿಂದ, ಅಂದರೆ ನಮ್ಮದೇ ಪುಟ್ಟ ಸರ್ವರಿನಿಂದ, ಅಂದಾಗ ನಮ್ಮ ಕಸುಬಿನವರೇ ನಂಬಲಿಲ್ಲ. "ಚಂದಾ ಕಟ್ಟಿ ಸುಮ್ಮನಿರಯ್ಯ, ಇದೆಲ್ಲ ಆಗೋ ಹೋಗೋ ಮಾತಲ್ಲ" ಅಂದರು ಹೆಬ್ಬಾಳದ ಗೆಳೆಯರೊಬ್ಬರು. ಆಮೇಲೆ ಎರಡು ಮಾರ್ಚು, ಎರಡು ಜುಲೈ 31 ದಾಟಿದೆ. ಕ್ಯಾಲೆಂಡರ್ ಕೈಕೊಟ್ಟು ಒಂದು ಗಡುವೂ ತಪ್ಪಿಲ್ಲ. ಅದೇ ಗೆಳೆಯರು ಹೋದ ತಿಂಗಳು ಕಾನ್ಫಿಗ್ ಫೈಲ್ ಕೇಳಿ ಇಸಿದುಕೊಂಡು ಹೋದರು.

ಮೊದಲು ಇದ್ದದ್ದು ಪಾಪ್3, ಮೇಲನ್ನು ಒಂದು ಸಾಧನಕ್ಕೆ ಇಳಿಸಿಕೊಳ್ಳುವ ಹಳೆ ಪದ್ಧತಿ. ಆಫೀಸಿನ ಮುಖ್ಯ ವಿಳಾಸ ಒಂದು ಡೆಸ್ಕ್‌ಟಾಪಿಗೆ ಇಳಿಯುತ್ತಿತ್ತು, ಸರ್ವರಿನಲ್ಲಿ 14 ದಿನ ಉಳಿದು ಅಳಿಯುತ್ತಿತ್ತು. ಸರ್ ಮಂಡ್ಯದಲ್ಲಿ ಕೂತು ಹಿಂದಿನ ತಿಂಗಳ ನೋಟಿಸ್ ಹುಡುಕಿದರೆ ಫೋನಿನಲ್ಲಿ ಸಿಗುತ್ತಿರಲಿಲ್ಲ. ಮೈಸೂರಿಗೆ ಫೋನ್ ಮಾಡಿ "ಆ ಪಿಡಿಎಫ್ ಒಂಚೂರು ವಾಟ್ಸಾಪ್ ಮಾಡಮ್ಮ" ಅನ್ನಬೇಕಿತ್ತು. ಆಮೇಲೆ ಒಂದು ಚಂದಾ ಸೇವೆ ಹಾಕಿಸಿದೆವು. ಏಳು ಖಾತೆಗೆ ವರ್ಷಕ್ಕೆ ಹದಿನೆಂಟು ಸಾವಿರದ ಆಸುಪಾಸು. ಮೇಲ್ ಸರಿಹೋಯಿತು, ಕ್ಯಾಲೆಂಡರ್ ಇನ್ನೂ ಕೆಟ್ಟಿತು. ಪ್ರತಿಯೊಬ್ಬರ ಫೋನಿನಲ್ಲೂ ಸ್ವಂತ ಖಾತೆಯ ಕ್ಯಾಲೆಂಡರ್ ಇತ್ತು, ಡೆಸ್ಕ್‌ಟಾಪಿನಲ್ಲಿ ಎರಡನ್ನೂ ಜೋಡಿಸುವ ಸಾಫ್ಟ್‌ವೇರ್ ಇತ್ತು, ಅದರ ಮೇಲೆ ಆಗಾಗ ಐಸಿಎಸ್ ಫೈಲ್ (ಕ್ಯಾಲೆಂಡರ್ ನಮೂದುಗಳ ಫೈಲ್) ಇಂಪೋರ್ಟ್ ಬೇರೆ. 11ನೇ ತಾರೀಖಿನ ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ರಿಟರ್ನ್) ನೆನಪು ಒಂದೇ ಫೋನಿನಲ್ಲಿ ನಾಲ್ಕು ಸಲ ಹೊಡೆದುಕೊಳ್ಳುತ್ತಿತ್ತು. ರೋಸಿಹೋದ ಹುಡುಗರು ನೆನಪುಗಳನ್ನೇ ಆಫ್ ಮಾಡಿದರು. ತೆರಿಗೆ ಆಫೀಸಿನಲ್ಲಿ ಅದಕ್ಕಿಂತ ಅಪಾಯ ಇನ್ನೊಂದಿಲ್ಲ.

ಕಾರಣ ಹುಡುಕಲು ಐಸಿಎಸ್ ಫೈಲುಗಳನ್ನು ನೋಟ್‌ಪ್ಯಾಡಿನಲ್ಲಿ ಬಿಡಿಸಿ ಸಾಲುಸಾಲಾಗಿ ನೋಡಿದೆ. ನಾಲ್ಕೂ ನಮೂದುಗಳ ಹೆಸರು ಒಂದೇ, ತಾರೀಖು ಒಂದೇ, ಯುಐಡಿ ಮಾತ್ರ ಬೇರೆ ಬೇರೆ. ಕ್ಯಾಲೆಂಡರ್ ಸಾಫ್ಟ್‌ವೇರ್ ನಮೂದನ್ನು ಗುರುತು ಹಿಡಿಯುವುದು ಯುಐಡಿಯಿಂದ. ನಮ್ಮಲ್ಲಿ ಒಂದೊಂದು ದಾರಿಯಲ್ಲಿ ಬಂದ ನಮೂದಿಗೂ ಹೊಸ ಯುಐಡಿ ಬೀಳುತ್ತಿತ್ತು, ಆ ನಕಲು ಇನ್ನೊಂದು ದಾರಿಯಲ್ಲಿ ವಾಪಸ್ ಬಂದು ಮತ್ತೊಂದಾಗುತ್ತಿತ್ತು. ಅಲ್ಲಿಗೆ ತೀರ್ಮಾನ ಮಾಡಿದೆ: ಒಂದು ಸಾಧನಕ್ಕೆ ಒಂದೇ ದಾರಿ. ಫೋನಿನಲ್ಲಿ ಸ್ವಂತ ಖಾತೆಯ ಕ್ಯಾಲೆಂಡರ್ ಸಿಂಕ್ ಬಂದ್, ಜೋಡಿಸುವ ಸಾಫ್ಟ್‌ವೇರ್ ತೆಗೆದುಹಾಕು, ಇಂಪೋರ್ಟ್ ಯಾರೂ ಮಾಡಕೂಡದು. ಇದನ್ನು ಒಪ್ಪಿಸುವುದಕ್ಕೆ ಹಿಡಿದಷ್ಟು ಹೊತ್ತು ಸರ್ವರ್ ಕಟ್ಟುವುದಕ್ಕೂ ಹಿಡಿಯಲಿಲ್ಲ.

ಡಬ್ಬಿಯ ವಿಷಯ. ಶುರು ಮಾಡಿದ್ದು ರಾಸ್ಪ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರಿನಲ್ಲಿ, ಕೇಸು, ಅಡಾಪ್ಟರ್ ಸೇರಿ ಆರು ಸಾವಿರ ಚಿಲ್ಲರೆ. ಏಪ್ರಿಲ್ ಕೊನೆಯ ಗುಡುಗು ಮಳೆಯಲ್ಲಿ ಕರೆಂಟು ಹೋಗಿ ಬಂದು ಹೋಗಿ ಎಸ್‌ಡಿ ಕಾರ್ಡ್ ಸತ್ತಿತು. ಇನ್ನೊಂದು ಹಾಕಿದೆ, ಜೂನ್ ಹೊತ್ತಿಗೆ ಅದೂ ಹೋಯಿತು. ಮೇಲ್ ಸರ್ವರ್ ದಿನವಿಡೀ ಸಣ್ಣ ಸಣ್ಣ ಫೈಲ್ ಬರೆಯುತ್ತಿರುತ್ತದೆ, ಕಾರ್ಡಿಗೆ ಆ ಕೆಲಸ ಕೊಡಲೇಬಾರದು. ಆಮೇಲೆ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಂದೆ, ಏಳು ಸಾವಿರದ ಹತ್ತಿರ. ಎಸ್‌ಎಸ್‌ಡಿಗೆ 1,800, ರೂಟರಿಗೂ ಪಿಸಿಗೂ ಸೇರಿ ಯುಪಿಎಸ್‌ಗೆ ಎರಡೂವರೆ ಸಾವಿರ. ನಮ್ಮ ಫೈಬರ್ ಸಂಪರ್ಕಕ್ಕೆ ಪಬ್ಲಿಕ್ ಐಪಿ (ಹೊರಗಿನಿಂದ ತಲುಪಬಹುದಾದ ವಿಳಾಸ) ಇಲ್ಲ, ಹಾಗಾಗಿ ಹೊರಗೊಂದು ಚಿಕ್ಕ ವಿಪಿಎಸ್ (ಬಾಡಿಗೆ ಸರ್ವರ್), ತಿಂಗಳಿಗೆ ಐನೂರರ ಒಳಗೆ. ಅದಕ್ಕೂ ಆಫೀಸಿಗೂ ನಡುವೆ ವೈರ್‌ಗಾರ್ಡ್ ಅನ್ನುವ ಸುರಕ್ಷಿತ ಸುರಂಗ. ಡೊಮೇನಿಗೆ ವರ್ಷಕ್ಕೆ ಸಾವಿರ ಇಟ್ಟುಕೊಳ್ಳಿ. ಪೈಗೆ ಹಾಕಿದ್ದು ಬಿಟ್ಟರೆ ಮೊದಲ ವರ್ಷವೇ ಚಂದಾ ದುಡ್ಡಿಗೆ ಹತ್ತಿರಹತ್ತಿರ ಸಮ, ಎರಡನೇ ವರ್ಷದಿಂದ ವಿಪಿಎಸ್, ಡೊಮೇನಿನ ಖರ್ಚು ಕಳೆದು ಮಿಕ್ಕಿದ್ದು ಉಳಿತಾಯ.

ಹೊರಹೋಗುವ ಮೇಲ್ ಸರ್ವರ್ ನಾನು ನಡೆಸುವುದಿಲ್ಲ. ಮನೆ, ಆಫೀಸ್ ಸಂಪರ್ಕದ ಐಪಿಯಿಂದ ಹೋದ ಮೇಲ್ ಸ್ಪ್ಯಾಮಿಗೆ ಬೀಳುತ್ತದೆ, ಆ ತಲೆನೋವು ಬೇಡ. ಡೊಮೇನಿನ ಮೇಲ್ ಮೊದಲು ಹೋಸ್ಟಿಂಗಿನವರ ಪೆಟ್ಟಿಗೆಗೇ ಬರುತ್ತದೆ. ಎಂಬಿಸಿಂಕ್ ಅನ್ನುವ ಸಾಫ್ಟ್‌ವೇರ್ ಅದನ್ನು ಎರಡು ನಿಮಿಷಕ್ಕೊಮ್ಮೆ ಎಳೆದು ನಮ್ಮ ಡಬ್ಬಿಯ ಮೇಲ್ ಸರ್ವರ್ ಡೋವ್‌ಕಾಟ್‌ಗೆ ಹಾಕುತ್ತದೆ, ಒಂದೇ ದಿಕ್ಕಿನಲ್ಲಿ. ಹೋಸ್ಟಿಂಗಿನವರ ಪೆಟ್ಟಿಗೆಯಲ್ಲಿ ಒಂದು ತಿಂಗಳ ಮೇಲ್ ಉಳಿಸುತ್ತೇನೆ, ಡಬ್ಬಿ ಸುಟ್ಟರೂ ಇತ್ತೀಚಿನದು ಕೈಗೆ ಸಿಗಲಿ ಅಂತ. ಸಾಧನಗಳೆಲ್ಲ ಮಾತಾಡುವುದು ಡೋವ್‌ಕಾಟ್ ಜೊತೆ ಮಾತ್ರ, ಐಮ್ಯಾಪ್‌ನ (ಮೇಲ್ ಸರ್ವರಿನಲ್ಲೇ ಉಳಿಯುವ ಪದ್ಧತಿ) 993ನೇ ಪೋರ್ಟಿನಲ್ಲಿ. ಕಳಿಸುವುದು ಹೋಸ್ಟಿಂಗಿನವರ 587ನೇ ಪೋರ್ಟಿನ ಮೂಲಕ.

ಇಲ್ಲಿ ಎರಡು ಕಡೆ ಸಿಕ್ಕಿಬೀಳುತ್ತೀರಿ. ಮೊದಲನೆಯದು ಸೆಂಟ್ ಫೋಲ್ಡರ್. ಒಂದು ಸಾಧನ 'ಸೆಂಟ್' ಅಂತ ಮಾಡುತ್ತದೆ, ಇನ್ನೊಂದು 'ಸೆಂಟ್ ಐಟಮ್ಸ್', ಐಫೋನ್ 'ಸೆಂಟ್ ಮೆಸೇಜಸ್'. ಡೋವ್‌ಕಾಟ್‌ನಲ್ಲಿ ಸೆಂಟ್ ಫೋಲ್ಡರ್ ಯಾವುದು ಅಂತ ಹೇಳುವ ಸ್ಪೆಷಲ್ ಯೂಸ್ ಗುರುತು ಹಾಕಿ, ಪ್ರತಿ ಸಾಧನದಲ್ಲೂ ಅದನ್ನೇ ಕೈಯಾರೆ ತೋರಿಸಿ, ಹಳೆಯ ಎರಡನ್ನು ಅಳಿಸಿದ ಮೇಲೆ ಗೊಂದಲ ನಿಂತಿತು. ಎರಡನೆಯದು ನನಗೆ ವಾರಗಟ್ಟಲೆ ನಿದ್ದೆ ಕೆಡಿಸಿದ್ದು. ಬೆಳಿಗ್ಗೆ ಮೊದಲು ಬಂದ ಇಬ್ಬರಿಗೆ ಮೇಲ್ ಚೆನ್ನಾಗಿ ಬರುತ್ತದೆ, ಮೂರನೆಯವರಿಗೆ ಬರುವುದಿಲ್ಲ. ಪಾಸ್‌ವರ್ಡ್ ಸರಿ, ನೆಟ್‌ವರ್ಕ್ ಸರಿ. ಲಾಗ್ ನೋಡಿದರೆ ವಿಷಯ ಇಷ್ಟೇ: ಮೇಲ್ ಓದುವ ಸಾಫ್ಟ್‌ವೇರ್ ಥಂಡರ್‌ಬರ್ಡ್ ಒಂದು ಖಾತೆಗೆ ಐದು ಸಂಪರ್ಕದವರೆಗೂ ತೆರೆದಿಡುತ್ತದೆ, ಡೋವ್‌ಕಾಟ್ ಒಬ್ಬ ಬಳಕೆದಾರನಿಗೆ ಒಂದು ಐಪಿಯಿಂದ ಹತ್ತೇ ಸಂಪರ್ಕ ಬಿಡುತ್ತದೆ. ಆಫೀಸಿನ ಸಾಮಾನ್ಯ ವಿಳಾಸಕ್ಕೆ ಎಲ್ಲರೂ ವಿಪಿಎಸ್ ಸುತ್ತಿ ಒಂದೇ ಐಪಿಯಿಂದ ಬರುತ್ತಿದ್ದರು. ಮಿತಿಯನ್ನು ಐವತ್ತಕ್ಕೆ ಏರಿಸಿ ಥಂಡರ್‌ಬರ್ಡಿನದನ್ನು ಎರಡಕ್ಕೆ ಇಳಿಸಿದೆ. ಮಾರನೆಯ ದಿನದಿಂದ ಆ ದೂರೇ ಇಲ್ಲ.

ಕ್ಯಾಲೆಂಡರಿಗೆ ರಾಡಿಕೇಲ್ ಅನ್ನುವ ಪುಟ್ಟ ಸರ್ವರ್ ಸಾಫ್ಟ್‌ವೇರ್. ನೆಕ್ಸ್ಟ್‌ಕ್ಲೌಡ್ ಹಾಕಿ ನೋಡಿದ್ದೆ, ನಮಗೆ ಅಷ್ಟು ಭಾರ ಬೇಕಿರಲಿಲ್ಲ. ರಾಡಿಕೇಲ್‌ನಲ್ಲಿ ಒಂದು ನಮೂದು ಅಂದರೆ ಒಂದು ಫೈಲ್, ಬಿಡಿಸಿ ಓದಬಹುದು. ಅಲ್ಲೇ ಸಿಕ್ಕಿದ್ದು ಇನ್ನೊಂದು ಕಾಟ. ಯಾವುದೋ ಫೋನಿನಲ್ಲಿ ದಿನಪೂರ್ತಿ ನಮೂದು ಹಾಕುವ ಬದಲು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಅಂತ ಹಾಕಿದ್ದರು. ಅದು ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಉಳಿದಾಗ 20ನೇ ತಾರೀಖಿನ ಜಿಎಸ್‌ಟಿಆರ್-3ಬಿ ರಿಟರ್ನ್ ಅನ್ನುವುದು 19ರ ಸಂಜೆ 6.30 ಆಗುತ್ತದೆ. ಭಾರತೀಯ ಸಮಯಕ್ಕೆ ಇಟ್ಟ ಸಾಧನದಲ್ಲಿ ಸರಿ, ಟೈಮ್‌ಝೋನ್ ತಪ್ಪಿದ ಒಂದು ಹಳೆ ಲ್ಯಾಪ್‌ಟಾಪಿನಲ್ಲಿ ಹಿಂದಿನ ದಿನ.

ಅದಕ್ಕೇ ಗಡುವುಗಳನ್ನು ಕೈಯಿಂದ ಹಾಕುವುದನ್ನೇ ನಿಲ್ಲಿಸಿದೆ. 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ, ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚಿನ 15ಕ್ಕೆ ಮುಂಗಡ ತೆರಿಗೆ: ಇವನ್ನೆಲ್ಲ ಒಂದು ಪೈಥಾನ್ ಸ್ಕ್ರಿಪ್ಟ್ ಬರೆಯುತ್ತದೆ, ಬರೀ ದಿನಾಂಕ, ಗಂಟೆ ಇಲ್ಲ. ಯುಐಡಿಯನ್ನು ರಿಟರ್ನಿನ ಹೆಸರು ಮತ್ತು ತಿಂಗಳು ಸೇರಿಸಿ ನಾನೇ ಕೊಡುತ್ತೇನೆ. ಸರ್ಕಾರ ಗಡುವು ಮುಂದೂಡಿದರೆ ತಾರೀಖು ಬದಲಿಸಿ ಸ್ಕ್ರಿಪ್ಟ್ ಓಡಿಸಿದರಾಯಿತು, ಹಳೆಯದರ ಜಾಗದಲ್ಲೇ ಹೊಸದು ಕೂರುತ್ತದೆ. ಈ ಕ್ಯಾಲೆಂಡರನ್ನು ಎಲ್ಲರೂ ನೋಡಬಹುದು, ಯಾರೂ ತಿದ್ದುವಂತಿಲ್ಲ. ರಾಡಿಕೇಲ್‌ನ ರೈಟ್ಸ್ ಫೈಲಿನಲ್ಲಿ ಹಾಗೆ ಕಟ್ಟಿದ್ದೇನೆ. ಕಕ್ಷಿದಾರರ ಭೇಟಿಗೆ ಬೇರೆ ಕ್ಯಾಲೆಂಡರ್, ಅದನ್ನು ಯಾರು ಬೇಕಾದರೂ ತಿದ್ದಬಹುದು.

ಇಲಾಖೆಯ ನೋಟಿಸ್ ಮೇಲ್ ಬಂದ ಕೂಡಲೇ ಉತ್ತರ ಕೊಡಬೇಕಾದ ದಿನ ತಾನಾಗಿ ಕ್ಯಾಲೆಂಡರಿಗೆ ಏರುವ ಹಾಗೂ ಮಾಡಿದ್ದೇನೆ. ಸೀವ್ (ಬಂದ ಮೇಲ್ ವಿಂಗಡಿಸುವ) ನಿಯಮ ಬಳಸಿದ್ದೇನೆ ಅನ್ನುವಷ್ಟು ಹೇಳುತ್ತೇನೆ. ಆ ನಿಯಮಗಳು ಮಾತ್ರ ನನ್ನ ಹತ್ತಿರವೇ ಇರಲಿ, ಅದು ನನ್ನ ಅನ್ನ.

ಆಂಡ್ರಾಯ್ಡ್‌ಗಳಿಗೆ ಕ್ಯಾಲೆಂಡರ್ ಸಿಂಕ್ ಮಾಡುವ ಡ್ಯಾವ್‌ಎಕ್ಸ್5 ಆ್ಯಪ್. ಎಫ್‌-ಡ್ರಾಯ್ಡ್ ಅನ್ನುವ ಆ್ಯಪ್ ಅಂಗಡಿಯಿಂದ ಹಾಕಿದರೆ ದುಡ್ಡು ಬೇಡ. ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಅದನ್ನು ಹೊರಗಿಡದಿದ್ದರೆ ಎರಡು ದಿನಕ್ಕೆ ಸಿಂಕ್ ನಿಲ್ಲುತ್ತದೆ. ಐಫೋನಿಗೆ ಕ್ಯಾಲ್‌ಡ್ಯಾವ್ (ಕ್ಯಾಲೆಂಡರ್ ಸಿಂಕ್ ಮಾಡುವ ಪದ್ಧತಿ) ಮೊದಲೇ ಗೊತ್ತು, ವಿಳಾಸ ಕೊಟ್ಟರೆ ಸಾಕು.

ಸತ್ತ ಕಾರ್ಡಿನ ಪೈ ಸುಮ್ಮನೆ ಬಿದ್ದಿತ್ತಲ್ಲ, ಅದರಲ್ಲಿ ಮನೆಗೊಂದು ತಿಥಿ ಕ್ಯಾಲೆಂಡರ್ ಮಾಡಿದೆ. ಅಮ್ಮನಿಗೆ ಏಕಾದಶಿ, ಅಮಾವಾಸ್ಯೆ, ಅಪ್ಪನ ಶ್ರಾದ್ಧದ ತಿಥಿ ಫೋನಿನಲ್ಲೇ ಬರಬೇಕು. 'ಪ್ರತಿ ವರ್ಷ' ಅಂತ ಒತ್ತಿದರೆ ಆಗದು, ನಮ್ಮ ಫೋನಿನ ಆವರ್ತನ ಇಂಗ್ಲಿಷ್ ತಿಂಗಳಿಗೇ ಕಟ್ಟಿದ್ದು. ಯುಗಾದಿಗೆ ಪಂಚಾಂಗ ತಂದು ವರ್ಷದ್ದೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ ಹೊಡೆದು ಅದೇ ಸ್ಕ್ರಿಪ್ಟಿಗೆ ಕೊಡುತ್ತೇನೆ. ಕೆಲವು ಏಕಾದಶಿ ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಮರುದಿನ ಬರುತ್ತದೆ. ಪಕ್ಕದ ಮನೆಯ ಮಾಮಿ "ನಮ್ದು ನಾಳೆ ಕಣಪ್ಪ" ಅಂದ ಮೇಲೆ ಎರಡು ಕ್ಯಾಲೆಂಡರ್ ಮಾಡಿದೆ. ಈಗ ನಮ್ಮ ಬೀದಿಯಲ್ಲಿ ಆರೇಳು ಮನೆಯಲ್ಲಿ ಅದೇ ಓಡುತ್ತಿದೆ.

ಫೋಲ್ಡರುಗಳಿಗೆ ಕನ್ನಡ ಹೆಸರಿಟ್ಟೂ ನೋಡಿದೆ. ಸಾಧನಗಳಲ್ಲಿ ಚೆನ್ನಾಗೇ ಕಾಣುತ್ತದೆ. ನಮ್ಮ ಡಿಸ್ಕಿನಲ್ಲಿ ಮಾತ್ರ ಐಮ್ಯಾಪ್‌ನ ಹಳೆ ಪದ್ಧತಿಯಂತೆ ಆಂಪರ್ಸ್ಯಾಂಡ್ (&) ಚಿಹ್ನೆಯ ನಂತರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕೂರುತ್ತದೆ. ಗಾಬರಿ ಬೇಡ, ಮುಟ್ಟದೆ ಬಿಡಿ.

ಬ್ಯಾಕಪ್ ಬಗ್ಗೆ ಒಂದು ಮಾತು. ಒಂದು ಮೇಲ್‌ಗೆ ಒಂದು ಫೈಲ್ ಇಡುವ ಮೇಲ್‌ಡಿರ್ ಪದ್ಧತಿಯಲ್ಲಿ, ಓದಿದ ಮೇಲ್‌ನ ಫೈಲ್ ಹೆಸರು ಕೋಲನ್, 2, ಕಾಮಾ, ಎಸ್ ಅಂತ ಮುಗಿಯುತ್ತದೆ. ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನ ಪೆನ್‌ಡ್ರೈವ್ ಫೈಲ್ ಹೆಸರಿನಲ್ಲಿ ಕೋಲನ್ ಒಪ್ಪುವುದಿಲ್ಲ, ನಕಲು ಅರ್ಧಕ್ಕೆ ನಿಲ್ಲುತ್ತದೆ. ಟಾರ್ ಮಾಡಿಯೇ, ಅಂದರೆ ಎಲ್ಲವನ್ನೂ ಒಂದೇ ಫೈಲಿಗೆ ಕಟ್ಟಿಯೇ, ಹಾಕಿ. ನಮ್ಮದು ಎಲ್ಲ ಸೇರಿ ನಲವತ್ತು ಜಿಬಿ ಇರಬಹುದು, ಪ್ರತಿ ಶನಿವಾರ ಒಂದು ಹಾರ್ಡ್‌ಡಿಸ್ಕ್ ಮಂಡ್ಯಕ್ಕೆ ಹೋಗುತ್ತದೆ, ಹಿಂದಿನ ವಾರದ್ದು ಬರುತ್ತದೆ.

ಉಳಿದಿರುವುದು ಸರ್ ಮತ್ತು ಅಕೌಂಟೆಂಟ್ ಮೇಡಂ ಅವರ ಔಟ್‌ಲುಕ್. ಹಳೆಯ ಔಟ್‌ಲುಕ್‌ನಲ್ಲಿ ಕ್ಯಾಲ್‌ಡ್ಯಾವ್ ಸಿಂಕ್ರೊನೈಸರ್ ಅನ್ನುವ ಉಚಿತ ಆಡ್-ಇನ್ ಸೊಗಸಾಗಿ ಓಡುತ್ತಿದೆ. ಹೊಸ ಔಟ್‌ಲುಕ್ ಆ ಥರದ ಆಡ್-ಇನ್ ತೆಗೆದುಕೊಳ್ಳುವುದಿಲ್ಲ. ಮಾರ್ಚಿನ ಗಲಾಟೆ ಮುಗಿಯಲಿ, ಏಪ್ರಿಲ್‌ನಲ್ಲಿ ಆ ಎರಡನ್ನೂ ಥಂಡರ್‌ಬರ್ಡಿಗೆ ತರುತ್ತೇನೆ. ಸರ್ ಒಪ್ಪಿದ್ದಾರೆ, ಮೇಡಂ ಇನ್ನೂ ಒಪ್ಪಿಲ್ಲ.