ನಾರ್ವೇಜಿಯನ್ ಎಲ್ಕ್‌ಹೌಂಡ್‌ನ ಸ್ವಭಾವವನ್ನು ಸರಿಯಾಗಿ ಅರಿತು ಪಳಗಿಸುವ ಬಗೆ

ನಾರ್ವೆಯ ಬೂದುಬಣ್ಣದ ಬೇಟೆನಾಯಿ ಎಲ್ಕ್‌ಹೌಂಡ್ ಮೊಂಡು, ಬಾಯಿಬಡುಕ, ತೋಳದಷ್ಟು ಉಗ್ರ ಎಂಬ ಮಾತುಗಳನ್ನು ನಂಬುವ ಮೊದಲು, ಅದು ಕಾಡಿನಲ್ಲಿ ಮಾಡುವ ಕೆಲಸವೇನೆಂದು ತಿಳಿದುಕೊಳ್ಳಬೇಕು. ಅದರ ಬೇಟೆ ನಮ್ಮ ಕಡವೆಗಿಂತಲೂ ದೊಡ್ಡದಾದ, 400 ಕಿಲೋ ತೂಗಬಲ್ಲ, ಮೂಸ್ ಎಂಬ ಜಿಂಕೆ ಜಾತಿಯ ಪ್ರಾಣಿ. ಸುಮಾರು 52 ಸೆಂಟಿಮೀಟರ್ ಎತ್ತರದ ನಾಯಿ ಅಂಥ ಪ್ರಾಣಿಯನ್ನು ಕಚ್ಚಿ ಕೆಡವಲಾರದು. ಗಾಳಿಯಲ್ಲಿ ವಾಸನೆ ಹಿಡಿದು ಸದ್ದಿಲ್ಲದೆ ಹುಡುಕಿ, ಎದುರಿಗೆ ನಿಂತು ಬೊಗಳುತ್ತ, ಮೂಸ್ ನುಗ್ಗಿದಾಗ ಪಕ್ಕಕ್ಕೆ ಜಿಗಿಯುತ್ತ, ಬೇಟೆಗಾರ ಬರುವವರೆಗೂ ಅದನ್ನು ತಡೆದು ನಿಲ್ಲಿಸುತ್ತದೆ. ಈ ತಳಿ 1877ರಿಂದಲೇ ಪ್ರದರ್ಶನಗಳಿಗೆ ಬರುತ್ತಿದ್ದರೂ ಇಂದಿಗೂ ಬೇಟೆಯನ್ನು ಬಿಟ್ಟಿಲ್ಲವಾದ್ದರಿಂದ ಆ ಗುಣಗಳು ಮಾಸಿಲ್ಲ.

ಮೊಂಡುತನದ ಆರೋಪವನ್ನೇ ಮೊದಲು ನೋಡೋಣ. ಒಡೆಯನ ಕಣ್ಣಿಗೆ ಕಾಣದಷ್ಟು ದೂರದಲ್ಲಿ ಅಪ್ಪಣೆಗಾಗಿ ಕಾಯದೆ ತಾನೇ ತೀರ್ಮಾನ ತೆಗೆದುಕೊಳ್ಳುವ ನಾಯಿಯನ್ನೇ ಬೇಟೆಗಾರರು ತಲೆಮಾರುಗಳಿಂದ ಆರಿಸಿ ಬೆಳೆಸಿರುವಾಗ, ಅದು ಒಂದೇ ಪಾಠವನ್ನು ಹತ್ತು ಬಾರಿ ಮಾಡಲು ಬೇಸರಿಸುವುದರಲ್ಲಿ ಅಚ್ಚರಿಯೇನಿಲ್ಲ. ಆದ್ದರಿಂದ ಪಾಠ ಕೆಲವೇ ನಿಮಿಷಗಳದ್ದಾಗಿರಲಿ, ದಿನವೂ ಸ್ವಲ್ಪ ಬದಲಾಗಲಿ. ಹೊಡೆದು ಗದರಿಸಿದರೆ ಅದು ನಿಮ್ಮಿಂದ ದೂರ ಸರಿಯುತ್ತದೆಯೇ ಹೊರತು ಕಲಿಯುವುದಿಲ್ಲ. ತಿಂಡಿಯ ಆಸೆ ಬಹಳ ಇರುವುದರಿಂದ ಬಹುಮಾನವಾಗಿ ತಿಂಡಿ ಕೊಡಬಹುದು. ಬೇಗ ಬೊಜ್ಜು ಬೆಳೆಸುವ ತಳಿಯಾದ್ದರಿಂದ ಅಷ್ಟನ್ನು ಊಟದಲ್ಲಿ ಕಡಿತಗೊಳಿಸಬೇಕು. ಕರೆದಾಗ ಹಿಂದಿರುಗುವುದನ್ನು ಮರಿಯಿದ್ದಾಗಿನಿಂದಲೇ ಉದ್ದನೆಯ ಹಗ್ಗ ಕಟ್ಟಿ ರೂಢಿಸಿರಿ. ವಾಸನೆಯ ಜಾಡು ಸಿಕ್ಕ ಎಲ್ಕ್‌ಹೌಂಡ್‌ಗೆ ನಿಮ್ಮ ಕೂಗು ಕೇಳಿಸೀತೆಂದು ನಂಬಿ, ರಸ್ತೆಯ ಬಳಿ ಹಗ್ಗ ಬಿಚ್ಚುವುದನ್ನು ನಾನಂತೂ ಒಪ್ಪಲಾರೆ.

ಬೊಗಳುವಿಕೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಆಳವಾಗಿದೆ. ಮೂಸ್ ನಿಂತಿದೆಯೋ ಓಡುತ್ತಿದೆಯೋ ಎಂಬುದನ್ನು ಬೇಟೆಗಾರ ಬೊಗಳಿನ ಲಯದಿಂದಲೇ ಊಹಿಸುತ್ತಾನೆ. ಆ ದನಿ ನಾಯಿಯ ಕಸುಬು, ಚಟವಲ್ಲ. ಆದರೆ ಇದೇ ತಳಿಯನ್ನು ಉದ್ದನೆಯ ಹಗ್ಗದಲ್ಲಿ ಹಿಡಿದು ಬೇಟೆಯಾಡುವ ಪದ್ಧತಿಯೂ ಸ್ಕ್ಯಾಂಡಿನೇವಿಯಾದಲ್ಲಿದ್ದು, ಅಲ್ಲಿ ನಾಯಿ ತುಟಿಪಿಟಕ್ಕೆನ್ನದೆ ಸಾಗಬೇಕಾಗುತ್ತದೆ. ಎಂದರೆ ಸುಮ್ಮನಿರುವುದನ್ನು ಇದಕ್ಕೆ ಕಲಿಸಬಹುದು. ಬಾಗಿಲಲ್ಲಿ ಯಾರೋ ಬಂದಾಗ ಎರಡು ಬಾರಿ ಬೊಗಳಲು ಬಿಟ್ಟು, ನೀವೂ ಹೋಗಿ ನೋಡಿ, ‘ಸಾಕು’ ಎಂದು ತಣ್ಣಗೆ ಹೇಳಿ, ಅದು ನಿಲ್ಲಿಸಿದ ಕ್ಷಣದಲ್ಲೇ ತಿಂಡಿ ಕೊಡಿರಿ. ನೀವೂ ಕೂಗಾಡಿದರೆ ಅದರ ಉದ್ರೇಕ ಹೆಚ್ಚುತ್ತದಷ್ಟೇ. ಇಷ್ಟಾದರೂ ಗೋಡೆಗೆ ಗೋಡೆ ತಾಗಿದ ಫ್ಲಾಟಿನಲ್ಲಿರುವವರು ಬೇರೆ ತಳಿಯನ್ನು ಯೋಚಿಸುವುದು ಒಳ್ಳೆಯದು.

ತೋಳದಂತಹ ಮುಖ ಕಂಡು ಕಾವಲಿಗೆಂದು ತರುವವರಿಗೆ ನಿರಾಶೆ ಕಾದಿದೆ: ಹೊಸಬರ ಸುದ್ದಿಯನ್ನು ಇದು ಜೋರಾಗಿಯೇ ಸಾರುತ್ತದೆ, ಮನೆಯವರು ಬರಮಾಡಿಕೊಂಡರೆ ಸಾಮಾನ್ಯವಾಗಿ ತಾನೂ ಬಾಲವಾಡಿಸುತ್ತದೆ. ಇದಕ್ಕಾಗಿ ಮರಿಗೆ ಮೊದಲ ಮೂರು-ನಾಲ್ಕು ತಿಂಗಳಲ್ಲೇ ಬಗೆಬಗೆಯ ಜನರ, ಸದ್ದುಗಳ ಪರಿಚಯವಾಗಿರಬೇಕು. ಬೆಕ್ಕು, ಮೊಲಗಳಿರುವ ಮನೆಯಲ್ಲಿ ಎಚ್ಚರ ಬೇಕು. ಒಂದೇ ಲಿಂಗದ ಬೆಳೆದ ನಾಯಿಗಳ ನಡುವೆ ಜಗಳವೂ ಉಂಟು.

ಸ್ವತಂತ್ರ ಬುದ್ಧಿಯ ನಾಯಿಗೆ ಒಂಟಿತನ ಬಾಧಿಸದೆಂಬುದೂ ಸುಳ್ಳು. ರೈತರ ಮನೆಗಳಲ್ಲಿ ಜನರ ನಡುವೆಯೇ ಬೆಳೆದ ತಳಿಯಿದು. ಹಿತ್ತಿಲಲ್ಲಿ ಕಟ್ಟಿಹಾಕಿದರೆ ನೆಲ ತೋಡುತ್ತದೆ, ಇಡೀ ದಿನ ಬೊಗಳುತ್ತದೆ. ದಿನಕ್ಕೆ ಒಂದು ಗಂಟೆಗೆ ಕಡಿಮೆಯಿಲ್ಲದ ನಡಿಗೆ, ಜೊತೆಗೆ ಹುಲ್ಲಿನಲ್ಲಿ ಬಚ್ಚಿಟ್ಟ ತಿಂಡಿಯನ್ನು ಮೂಸಿ ಹುಡುಕುವ ಆಟ ದೊರೆತರೆ ಸಂಜೆ ಅದು ಮನೆಯವರ ಕಾಲಬುಡದಲ್ಲೇ ಮಲಗಿರುತ್ತದೆ. ಮರಿ ಕೊಳ್ಳುವಾಗ ತಂದೆತಾಯಿಗಳು ಈಗಲೂ ಬೇಟೆಗೆ ಹೋಗುತ್ತವೆಯೇ ಎಂದು ಕೇಳಿರಿ. ಹೌದಾದರೆ ಈ ನಡಿಗೆಯ ಅವಧಿಯನ್ನು ಇನ್ನಷ್ಟು ಹೆಚ್ಚಿಸಲು ಸಿದ್ಧರಾಗಿರಿ.