ಅರಿಶಿನ ಮೈಗೆ ಹತ್ತಬೇಕಾ? ತಂಬುಳಿ ಮಾಡಿ

ಹೋದ ಮಳೆಗಾಲದಲ್ಲಿ ಕೆಮ್ಮು ಹಿಡಿದಾಗ, ಯಾರೋ ಹೇಳಿದರು ಅಂತ ಬೆಳಿಗ್ಗೆ ಬರಿ ಹೊಟ್ಟೆಗೆ ಬಿಸಿ ನೀರಿನಲ್ಲಿ ಒಂದು ಚಮಚ ಅರಿಶಿನ ಪುಡಿ ಕದಡಿ ಕುಡಿಯಲು ಶುರು ಮಾಡಿದೆ. ಹದಿನೈದು ದಿನ ಕುಡಿದೆ. ಪ್ರತಿ ಸಲ ಲೋಟದ ತಳ ನೋಡಿದರೆ ಅರ್ಧ ಪುಡಿ ಅಲ್ಲೇ ಗಸಿಯಾಗಿ ಕೂತಿರುತ್ತಿತ್ತು. ಹೊಟ್ಟೆಗೆ ಹೋದದ್ದರ ಕಥೆಯೂ ಹೆಚ್ಚುಕಡಿಮೆ ಅದೇ.

ಅರಿಶಿನದ ಗುಣ ಅಂತ ಎಲ್ಲರೂ ಹೊಗಳುವುದು ಅದರಲ್ಲಿರುವ ಕರ್ಕ್ಯುಮಿನ್ ಅನ್ನು. ಹಳದಿ ಬಣ್ಣವೂ ಅದರದ್ದೇ. ಪುಡಿಯಲ್ಲಿ ಇರುವುದು ಸುಮಾರು ಶೇ. 3 ಮಾತ್ರ. ಅದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಒಳಗೆ ಸೇರಿದ ಚೂರುಪಾರನ್ನೂ ಕರುಳು, ಲಿವರ್ ಸೇರಿಕೊಂಡು ಬೇಗನೆ ರೂಪ ಬದಲಿಸಿ ಹೊರಗೆ ಸಾಗಹಾಕುತ್ತವೆ. ಈ ಅವಸರಕ್ಕೆ ಸ್ವಲ್ಪ ತಡೆ ಹಾಕುವುದು ಕಾಳುಮೆಣಸಿನ ಪೈಪರಿನ್. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಜಾಸ್ತಿಯಾಯಿತು. ಕೇಳಲು ಭಾರಿ ಅನ್ನಿಸುತ್ತದೆ, ಆದರೆ ಮೊದಲು ಸೇರುತ್ತಿದ್ದದ್ದೇ ಲೆಕ್ಕಕ್ಕಿಲ್ಲದಷ್ಟು. ಮೇಲಾಗಿ 2 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ 60-70 ಗ್ರಾಂ ಪುಡಿ ತಿನ್ನಬೇಕು, ಯಾರ ಕೈಲಾಗುತ್ತದೆ ಹೇಳಿ! ಅಡುಗೆಯ ಅರಿಶಿನದಿಂದ ಮಂಡಿನೋವು, ಶುಗರ್ ವಾಸಿಯಾಗುತ್ತದೆ ಅಂತ ನಾನಂತೂ ಹೇಳುವುದಿಲ್ಲ. ತಿನ್ನುವುದೇ ಆದರೆ ಮೈಗೆ ಹತ್ತುವ ಹಾಗೆ ತಿನ್ನೋಣ, ಅಷ್ಟೆ.

ಅದಕ್ಕೆ ಜಿಡ್ಡೂ ಬೇಕು, ಮೆಣಸೂ ಬೇಕು ಅಲ್ವಾ? ನಮ್ಮ ಶಿರಸಿ ಕಡೆಯ ಹಸಿ ಅರಿಶಿನದ ತಂಬುಳಿಯಲ್ಲಿ ಎರಡೂ ಇವೆ.

ಮೊದಲು ಒಂದು ಇಂಚಿನಷ್ಟು ಹಸಿ ಅರಿಶಿನ ತೊಳೆದು, ಸಿಪ್ಪೆ ಕೆರೆದು ತುರಿಯಿರಿ (ಬೆರಳು ಎರಡು ದಿನ ಹಳದಿಯಾಗಿಯೇ ಇರುತ್ತದೆ, ಮದುವೆಮನೆಗೆ ಹೋಗುವುದಿದ್ದರೆ ನೋಡಿಕೊಳ್ಳಿ). ಸಣ್ಣ ಬಾಣಲೆಯಲ್ಲಿ ಒಂದು ಚಮಚ ತುಪ್ಪ ಕಾಯಿಸಿ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹಾಕಿ. ಜೀರಿಗೆ ಚಟಪಟ ಅಂದ ಕೂಡಲೇ ತುರಿ ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿ. ಇಲ್ಲಿ ಸ್ವಲ್ಪ ನಿಂತು ನೋಡಿ: ತುಪ್ಪ ನಿಧಾನಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಮಣ್ಣಿನ ಹಸಿವಾಸನೆ ಹೋಗಿ ಘಮ ಬರುತ್ತದೆ. ಲೋಟದ ತಳದಲ್ಲಿ ಕೂತಿದ್ದ ಬಣ್ಣ ತುಪ್ಪದಲ್ಲಿ ಕರಗುವುದು ಹೀಗೆ. ಕರಿದು ಕಪ್ಪು ಮಾಡಬೇಡಿ.

ಆರಿದ ಮೇಲೆ ಅರ್ಧ ಕಪ್ ತೆಂಗಿನಕಾಯಿ ತುರಿ ಸೇರಿಸಿ ನುಣ್ಣಗೆ ರುಬ್ಬಿ, ಬಾಣಲೆಗೆ ಅಂಟಿದ ತುಪ್ಪವನ್ನೂ ಬಳಿದು ಹಾಕಿ. ಒಂದೂವರೆ ಕಪ್ ಮಜ್ಜಿಗೆ, ಉಪ್ಪು ಬೆರೆಸಿದರೆ ಆಯಿತು. ಕುದಿಸುವ ಹಾಗಿಲ್ಲ. ಒಗ್ಗರಣೆಗೆ ಸಾಸಿವೆ, ಒಂದು ಒಣಮೆಣಸು ಸಾಕು. ಬಿಸಿ ಅನ್ನಕ್ಕೆ ಕಲಸಿಕೊಳ್ಳಿ. ಘಟ್ಟದ ಕೆಳಗೆ ಕಾರವಾರ, ಕುಮಟಾ ಕಡೆಯವರು ತೆಂಗಿನಕಾಯಿ ರುಬ್ಬಿ ಮಾಡುವ ಮೀನು ಸಾರಿಗೂ ಇದೇ ಲೆಕ್ಕ, ನಾಲ್ಕು ಕಾಳುಮೆಣಸು ಜಜ್ಜಿ ಹಾಕಿದರಾಯಿತು.

ಊಟದ ಅರಿಶಿನಕ್ಕೆ ಹೆದರಬೇಕಿಲ್ಲ. ಆದರೆ ಕರ್ಕ್ಯುಮಿನ್ ಮಾತ್ರೆಯ ವಿಷಯ ಬೇರೆ. ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳದೆ ನುಂಗಬೇಡಿ. ಪೈಪರಿನ್ ಬೇರೆ ಔಷಧಿಗಳನ್ನೂ ರಕ್ತಕ್ಕೆ ಜಾಸ್ತಿ ಸೇರಿಸಬಲ್ಲದು.

ಹಾಂ, ಮಿಕ್ಸಿ ಜಾರಿನ ಮುಚ್ಚಳ ಹಳದಿಯಾದರೆ ಉಜ್ಜುತ್ತಾ ಕೂರಬೇಡಿ, ಎರಡು ದಿನ ಬಿಸಿಲಿಗಿಡಿ. ಬೆಳಕಿಗೆ ಕರ್ಕ್ಯುಮಿನ್ ತಡೆಯುವುದಿಲ್ಲ. ಅರಿಶಿನ ಪುಡಿಯ ಡಬ್ಬಿಯನ್ನು ಕಿಟಕಿ ಹತ್ತಿರದಿಂದ ತೆಗೆದು ಕಪಾಟಿನೊಳಗೆ ಇಡಬೇಕಾದದ್ದೂ ಅದಕ್ಕೇ.